ಗೌಜಲಹಕ್ಕಿ ತಲೆ ಒಡೆದುಕೊಳ್ಳೋದು ಯಾಕೆ?

ನಮಸ್ಕಾರ. ಇವತ್ತು ಕ್ಯಾಮೆರಾವನ್ನು ಗೂಡಿನ ಒಳಗೇ ಇಟ್ಟಿದ್ದೇನೆ. ಎಡಗಡೆ ಮೂಲೆಯಲ್ಲಿರುವ ಹಕ್ಕಿಯನ್ನು ನೋಡುತ್ತಿರಿ. ಹೊರಗೆ ಬಕೆಟ್ ಬಿದ್ದ ಸದ್ದಾಯಿತು, ನೋಡಿದಿರಾ? ಅದು ಪಕ್ಕಕ್ಕೆ ಓಡಲಿಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮಿತು.

ಇದು ಗೌಜಲಹಕ್ಕಿಯ ಹುಟ್ಟುಗುಣ. ಹುಲ್ಲಿನಲ್ಲಿ ಅಲುಗದೆ ಕೂತಿರುತ್ತದೆ, ಅಪಾಯ ತೀರಾ ಹತ್ತಿರ ಬಂದಾಗ ಒಮ್ಮೆಲೇ ಮೇಲಕ್ಕೇಳುತ್ತದೆ. ಬಯಲಿನಲ್ಲಾದರೆ ಜೀವ ಉಳಿಯುತ್ತದೆ. ಗೂಡಿನಲ್ಲಿ ತಲೆ ಹೋಗಿ ಚಾವಣಿಗೆ ಬಡಿಯುತ್ತದೆ, ನೆತ್ತಿಯ ಚರ್ಮ ಸುಲಿಯುತ್ತದೆ, ಕೆಲವು ಸತ್ತೇ ಹೋಗುತ್ತವೆ. "ಇವು ಹುಚ್ಚು ಹಕ್ಕಿಗಳು" ಅಂತ ಬೈಯುವವರನ್ನು ಕೇಳಿದ್ದೇನೆ, ಆದರೆ ಅಲ್ಲಿ ತಪ್ಪಿರೋದು ಗೂಡಿನ ಎತ್ತರದಲ್ಲಿ.

ಒಂದೂವರೆ, ಎರಡು ಅಡಿ ಎತ್ತರ ಇದೆಯಲ್ಲ, ಅದು ಇವಕ್ಕೆ ಕೆಟ್ಟದ್ದು, ಯಾಕಂದರೆ ಚಿಮ್ಮಿ ವೇಗ ಹಿಡಿಯುವಷ್ಟು ಜಾಗ ಸಿಗುತ್ತದೆ, ಸರಿಯಾಗಿ ಹಾರುವಷ್ಟು ಸಿಗುವುದಿಲ್ಲ. ಅದಕ್ಕೇ ಫಾರಂಗಳಲ್ಲಿ 20–25 ಸೆಂಟಿಮೀಟರ್ ಎತ್ತರದ ಪಂಜರ ಇಡುತ್ತಾರೆ. ತಲೆ ಉಳಿಯುತ್ತದೆ, ನಿಜ. ಆದರೆ ಹಕ್ಕಿಗೆ ಬೇರೇನೂ ಸಿಗುವುದಿಲ್ಲ. ಜಾಗ ಇರುವವರು ಆಳೆತ್ತರದ ಗೂಡು ಮಾಡಿ, ಮೇಲೆ ತಂತಿ ಬದಲು ಸಡಿಲವಾಗಿ ನೈಲಾನ್ ಬಲೆ ಕಟ್ಟಿ ಅನ್ನೋದು ನನ್ನ ಮಾತು.

ನಾವು ಸಾಕುವುದು ಜಪಾನಿ ತಳಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದರು, ಅಲ್ಲಿಂದ ದೇಶದೆಲ್ಲೆಡೆ ಹರಡಿತು. ತಲೆಮಾರುಗಳಿಂದ ಪಂಜರದಲ್ಲೇ ಬೆಳೆದು ಇವು ಕಾವು ಕೂರುವುದನ್ನೇ ಹೆಚ್ಚುಕಡಿಮೆ ಬಿಟ್ಟಿವೆ, ಹಾಗಾಗಿ ಮೊಟ್ಟೆಯನ್ನು 17–18 ದಿನ ಮಷಿನ್‌ನಲ್ಲಿ ಇಡಬೇಕು. ಚಿಮ್ಮುವುದನ್ನು ಮಾತ್ರ ಬಿಟ್ಟಿಲ್ಲ. ಮರಳಲ್ಲಿ ಹೊರಳಾಡುವುದನ್ನೂ ಬಿಟ್ಟಿಲ್ಲ.

ಈ ಕ್ಲಿಪ್ ನೋಡಿ, ಬರೀ ಜಾಲರಿಯ ನೆಲ. ಒಂದು ಕಣ ಮಣ್ಣಿಲ್ಲ, ಆದರೂ ಹಕ್ಕಿ ಮಗ್ಗುಲಾಗಿ ಮಲಗಿ ರೆಕ್ಕೆ ಕೊಡವುತ್ತಿದೆ, ಇಲ್ಲದ ಮರಳನ್ನು ಮೈಮೇಲೆ ಎರಚಿಕೊಳ್ಳುತ್ತಿದೆ. ನನಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಅಗಲವಾದ ಟ್ರೇ, ನಾಲ್ಕು ಬೊಗಸೆ ಒಣ ಮರಳು, ಇಷ್ಟೇ ಅಲ್ವಾ ಬೇಕಿರೋದು?

ಇನ್ನು ಕುಕ್ಕಾಟ. ಕಿಕ್ಕಿರಿದ ಗೂಡು, ಕಣ್ಣು ಕುಕ್ಕುವ ಬೆಳಕು, ಗಂಡು ಜಾಸ್ತಿ, ಈ ಮೂರೂ ಸೇರಿದರೆ ರಕ್ತ ಬರುವವರೆಗೂ ಕುಕ್ಕುತ್ತವೆ. ಎದೆ ಕಂದುಗೆಂಪಾಗಿರೋದು ಗಂಡು, ಚುಕ್ಕಿ ಇರೋದು ಹೆಣ್ಣು. ಒಂದು ಗಂಡಿಗೆ ಎರಡು ಮೂರು ಹೆಣ್ಣಾದರೂ ಇರಲಿ, ಇಲ್ಲದಿದ್ದರೆ ಹೆಣ್ಣಿನ ಕತ್ತಿನ ಪುಕ್ಕ ಉಳಿಯುವುದಿಲ್ಲ. ಬೋಳು ಗೂಡಿನಲ್ಲಿ ಏಟು ತಿಂದ ಹಕ್ಕಿಗೆ ಮರೆಯಾಗಲು ಜಾಗವೇ ಇರುವುದಿಲ್ಲ. ಮೂಲೆಯಲ್ಲಿ ಒಂದು ತೆಂಗಿನ ಗರಿ ಒರಗಿಸಿ, ಒಂದಿಷ್ಟು ಒಣಹುಲ್ಲು ಹಾಕಿ. ಅಟ್ಟಿಸಿಕೊಂಡ ಹಕ್ಕಿ ಅದರ ಹಿಂದೆ ನುಗ್ಗುತ್ತದೆ, ಮೊಟ್ಟೆ ಇಡಲೂ ಹೆಣ್ಣುಗಳು ಆ ಮರೆಯನ್ನೇ ಹುಡುಕುತ್ತವೆ.

ರಾತ್ರಿ ಶೆಡ್‌ಗೆ ಹೋಗುವಾಗ ಬಾಗಿಲಲ್ಲೇ ಮೆಲ್ಲಗೆ ಮಾತಾಡಿ, ನೀವು ಬಂದಿದ್ದು ಅವಕ್ಕೆ ತಿಳಿಯಲಿ. ಟಾರ್ಚನ್ನು ನೇರವಾಗಿ ಗೂಡಿಗೆ ಹಿಡಿಯಬೇಡಿ, ನೆಲದ ಕಡೆ ಬಿಡಿ.