ಗಾಡಿ ಮಾರಿದಿರಿ, ಆರ್‌ಸಿಯಲ್ಲಿ ಹೆಸರು ಯಾರದ್ದು?

ಕೇಳುಗರಿಗೆ ನಮಸ್ಕಾರ.

ಮುಂಬೈಯ ನಮ್ಮ ಕನ್ನಡಿಗರಲ್ಲಿ ಹಳೇ ಗಾಡಿ ಕೈ ಬದಲಾಗುವುದು ಹೆಚ್ಚಾಗಿ ಗುರುತು ಪರಿಚಯದವರ ನಡುವೆ. ಡೊಂಬಿವಲಿಯಲ್ಲಿ ಒಬ್ಬರು ಸ್ಕೂಟರ್ ಮಾರುತ್ತಾರೆ, ಮಾಟುಂಗದ ಹೋಟೆಲಿನಲ್ಲಿರುವ ಊರಿನ ಹುಡುಗ ತಗೊಳ್ಳುತ್ತಾನೆ. ದುಡ್ಡು ಎಣಿಸಿದ್ದಾಯ್ತು, ಕೀಲಿ ಕೊಟ್ಟಿದ್ದಾಯ್ತು. "ಹೆಸರು ಆಮೇಲೆ ಮಾಡಿಸ್ಕೊಳ್ತೀನಿ ಅಣ್ಣ" ಅನ್ನುತ್ತಾನೆ. ನಮ್ಮ ಹುಡುಗನೇ ಅಲ್ವಾ ಅಂತ ಇವರೂ ಸುಮ್ಮನಾಗುತ್ತಾರೆ.

ದಯವಿಟ್ಟು ಹಾಗೆ ಸುಮ್ಮನಾಗಬೇಡಿ. ಕಾನೂನಿನ ಲೆಕ್ಕದಲ್ಲಿ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಯಾರ ಹೆಸರಿದೆಯೋ ಅವರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಕೇಸು ಬಂದಿತ್ತು. ಕಾರು ಹಲವರ ಕೈ ದಾಟಿ ಹೋಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲು ಮಾರಿದವರ ಹೆಸರೇ ಉಳಿದಿತ್ತು. ಅಪಘಾತವಾಯಿತು, ಒಂದು ಜೀವ ಹೋಯಿತು. ಪರಿಹಾರ ಕೊಡುವ ಹೊಣೆ ಯಾರ ಹೆಸರು ದಾಖಲೆಯಲ್ಲಿದೆಯೋ ಅವರದ್ದೇ ಅಂತ ಕೋರ್ಟ್ ಹೇಳಿತು. ಗಾಡಿ ಮಾರಿ ಎರಡು ವರ್ಷ ಆಗುತ್ತಾ ಬಂದಿತ್ತು. ಅದು ಲೆಕ್ಕಕ್ಕೆ ಬರಲಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಗಾಡಿ ಮಹಾರಾಷ್ಟ್ರದೊಳಗೇ ಮಾರಾಟವಾದರೆ, ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಅದಕ್ಕೆ ಫಾರ್ಮ್ 29. ಕೊಂಡವರಿಗೆ 30 ದಿನ, ಅವರದ್ದು ಫಾರ್ಮ್ 30. ಇಲ್ಲೊಂದು ಕೆಟ್ಟ ಅಭ್ಯಾಸ ಬೆಳೆದಿದೆ. ಏಜೆಂಟ್ ಎರಡೂ ಫಾರ್ಮ್ ಖಾಲಿಯಾಗಿಯೇ ಮುಂದಿಡುತ್ತಾನೆ, ನಾವು ಗೀಚಿ ಕೊಡುತ್ತೇವೆ. ಕೊಂಡವರ ಹೆಸರಿಲ್ಲ, ತಾರೀಕಿಲ್ಲ. ಆ ಕಾಗದ ಇಟ್ಟುಕೊಂಡೇ ಗಾಡಿ ಇನ್ನೂ ಮೂರು ಜನಕ್ಕೆ ಹೋಗಬಹುದು. ಕೊಂಡವರ ಹೆಸರು, ವಿಳಾಸ, ತಾರೀಕು ತುಂಬಿದ ಮೇಲೇ ಸಹಿ ಹಾಕಿ. ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜೊತೆಗೆ ಗಾಡಿ ಕೊಟ್ಟ ದಿನ, ಗಂಟೆ ಬರೆದು ಇಬ್ಬರೂ ಸಹಿ ಮಾಡಿದ ಒಂದು ಚೀಟಿ ಇರಲಿ. ಅದೇ ಸಂಜೆ ಸಿಗ್ನಲ್ ಹಾರಿ ಇ-ಚಲನ್ ಬಂದರೆ ಆ ಗಂಟೆ ಕೆಲಸಕ್ಕೆ ಬರುತ್ತದೆ.

ಫಾಸ್ಟ್ಯಾಗ್ ಮರೆಯಬೇಡಿ. ಅದು ನಿಮ್ಮ ಖಾತೆಯದ್ದು. ಮುಚ್ಚಿಸದಿದ್ದರೆ ಕೊಂಡವರು ಪುಣೆಗೆ ಹೋದಾಗಲೆಲ್ಲ ಎಕ್ಸ್‌ಪ್ರೆಸ್‌ವೇ ಟೋಲ್ ನಿಮ್ಮ ದುಡ್ಡಿನಿಂದ ಹೋಗುತ್ತದೆ. ಇನ್ಶೂರೆನ್ಸನ್ನು ತಮ್ಮ ಹೆಸರಿಗೆ ಮಾಡಿಸಲು ಕೊಂಡವರು 14 ದಿನದೊಳಗೆ ಕಂಪನಿಗೆ ಬರೆಯಬೇಕು. ಆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಗಾಡಿಯದ್ದಲ್ಲ, ಮಾರಿದ ನಿಮ್ಮದು. ಅದರ ಪತ್ರ ಕೇಳಿ ತಗೊಳ್ಳಿ, ಮುಂದಿನ ಗಾಡಿಗೆ ಆಗುತ್ತದೆ. ಸಾಲ ತೀರಿಸಿದ್ದೀರಾ? ಬ್ಯಾಂಕಿನ ಪತ್ರ ಬಂದರಷ್ಟೇ ಸಾಲದು. ಫಾರ್ಮ್ 35 ಕೊಟ್ಟು ಆರ್‌ಸಿಯಿಂದ ಎಚ್‌ಪಿ, ಅಂದರೆ ಗಾಡಿ ಮೇಲೆ ಬ್ಯಾಂಕಿನ ಸಾಲವಿದೆ ಎಂಬ ನಮೂದನ್ನು, ತೆಗೆಸಬೇಕು.

ಇನ್ನು ತೆರಿಗೆ. ಎಮ್‌ಎಚ್ ಪಾಸಿಂಗ್, ಅಂದರೆ ಮಹಾರಾಷ್ಟ್ರದ ನಂಬರಿನ ಕಾರನ್ನು ಇಲ್ಲೇ ಕೊಂಡರೆ, ಮೊದಲಿನವರು ಕಟ್ಟಿದ ಒಂದೇ ಸಲದ ತೆರಿಗೆ ಗಾಡಿಯ ಜೊತೆ ಬರುತ್ತದೆ. ನಂಬರೂ ಬದಲಾಗುವುದಿಲ್ಲ. ತೊಡಕಿರುವುದು ಊರಿನಿಂದ ಕೆಎ ಗಾಡಿ ತಂದವರಿಗೆ. ಅಗ್ಗಕ್ಕೆ ಸಿಕ್ಕಿತು ಅಂತ ಉಡುಪಿಯಿಂದ, ಬೆಳಗಾವಿಯಿಂದ ತರುತ್ತಾರೆ. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಗಾಡಿಯ ವಯಸ್ಸು ನೋಡಿ ಇಲ್ಲಿನ ತೆರಿಗೆ ಕಟ್ಟಬೇಕು. ಅದಕ್ಕೆ ಮೊದಲು ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಅಭ್ಯಂತರವಿಲ್ಲ ಎಂಬ ಪತ್ರ ಬೇಕು. ಅದರ ಅರ್ಜಿ ಫಾರ್ಮ್ 28. ಚಾಸಿ ನಂಬರ್ ಮೇಲೆ ತೆಳ್ಳಗಿನ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಕ್ಷರ ಮೂಡುತ್ತದಲ್ಲ, ಆ ಅಚ್ಚನ್ನೂ ಅದಕ್ಕೆ ಅಂಟಿಸುತ್ತಾರೆ. ಗಾಡಿ ಇಲ್ಲಿಗೆ ತಂದ ಮೇಲೆ ಎನ್‌ಓಸಿಗಾಗಿ ಮತ್ತೆ ಊರಿಗೆ ಓಡಾಡುವುದು ಯಾಕೆ? ಕೊಳ್ಳುವಾಗಲೇ ಮಾಡಿಸಿಕೊಳ್ಳಿ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲು ವಾಪಸ್ ಬರುತ್ತದೆ. ತಾನಾಗಿ ಬರುವುದಿಲ್ಲ, ಇಲ್ಲಿನ ಹೊಸ ಆರ್‌ಸಿ ತೋರಿಸಿ ಅಲ್ಲಿ ಅರ್ಜಿ ಹಾಕಬೇಕು. ಎಷ್ಟೋ ಜನ ಬೇಸರಪಟ್ಟು ಆ ದುಡ್ಡು ಬಿಟ್ಟೇಬಿಡುತ್ತಾರೆ. ಬಿಡಬೇಡಿ, ಅದು ನಿಮ್ಮ ಬೆವರಿನ ದುಡ್ಡು.

ಕೊನೆಗೆ ಒಂದು ಮಾತು, ಮನೆಯವರನ್ನು ಕಳೆದುಕೊಂಡವರಿಗೆ. ತೀರಿಹೋದವರ ಹೆಸರಲ್ಲೇ ಸ್ಕೂಟರ್ ವರ್ಷಗಟ್ಟಲೆ ಓಡುತ್ತಿರುತ್ತದೆ. 30 ದಿನದೊಳಗೆ ಆರ್‌ಟಿಓಗೆ ತಿಳಿಸಿದರೆ ಮೂರು ತಿಂಗಳು ಹಾಗೇ ಓಡಿಸಬಹುದು. ಅಷ್ಟರೊಳಗೆ ಫಾರ್ಮ್ 31 ಮತ್ತು ಮರಣ ಪ್ರಮಾಣಪತ್ರ ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ದುಃಖದಲ್ಲಿರುವ ಮನೆಗೆ ಇದು ನೆನಪಾಗುವುದು ಕಷ್ಟ. ಅಕ್ಕಪಕ್ಕದವರು ಯಾರಾದರೂ ಜೊತೆಗೆ ಹೋಗಿ ಮಾಡಿಸಿಕೊಡಿ.

ನಮಸ್ಕಾರ.