185 ಎಂಬ ಅಂಕಿ: ವಾಯುಯುದ್ಧದ ಕಡತಗಳನ್ನು ಓದುವ ಬಗೆ

ಗೆಳೆಯರೇ, ಎರಡನೇ ಮಹಾಯುದ್ಧದಲ್ಲಿ, 1940ರ ಸೆಪ್ಟೆಂಬರ್ 15ರಂದು 185 ಜರ್ಮನ್ ವಿಮಾನಗಳನ್ನು ಉರುಳಿಸಿದ್ದಾಗಿ ಬ್ರಿಟನ್ ಘೋಷಿಸಿತು. ಲಂಡನ್ನಿನ ಪೇಪರ್ ಮಾರುವವರು ಇಂಥ ಲೆಕ್ಕವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಹಲಗೆಯ ಮೇಲೆ ಬರೆದಿಡುತ್ತಿದ್ದರು. ಯುದ್ಧ ಮುಗಿದು ಜರ್ಮನ್ ಕಡತ ಬಿಚ್ಚಿದಾಗ ಸಿಕ್ಕಿದ್ದು 60ರ ಆಸುಪಾಸು.

ಪೈಲಟ್‌ಗಳು ಸುಳ್ಳು ಹೇಳಿದರು ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ಒಂದೇ ಬಾಂಬರಿಗೆ ನಾಲ್ಕೈದು ಜನ ಗುಂಡು ಹಾರಿಸುತ್ತಾರೆ, ಅದು ಬಿದ್ದಾಗ ಪ್ರತಿಯೊಬ್ಬರೂ ತನ್ನದೇ ಎಂದು ಪ್ರಾಮಾಣಿಕವಾಗಿ ಬರೆಯುತ್ತಾರೆ. ವಿಕ್ಟೋರಿಯಾ ಸ್ಟೇಷನ್ ಬಳಿ ಅಂದು ಬಿದ್ದ ಡಾರ್ನಿಯರ್ ಎಂಬ ಜರ್ಮನ್ ಬಾಂಬರ್ ಹೀಗೆ ಹಲವರ ಲೆಕ್ಕಕ್ಕೆ ಸೇರಿತು. ಮೆಸ್ಸರ್‌ಶ್ಮಿಟ್ 109 ಎಂಬ ಜರ್ಮನ್ ಫೈಟರ್ ವಿಮಾನ ಪೂರ್ತಿ ಥ್ರಾಟಲ್ ಕೊಟ್ಟು ಕೆಳಕ್ಕೆ ಧುಮುಕುವಾಗ ಎಂಜಿನ್ ಕರಿಹೊಗೆ ಉಗುಳುತ್ತದೆ. ಹಿಂದಿದ್ದವನಿಗೆ ಅದು ಉರಿದು ಬೀಳುತ್ತಿರುವಂತೆಯೇ ಕಾಣುತ್ತದೆ.

ನಿಜವಾದ ಲೆಕ್ಕ ಹುಡುಕುವ ಕೆಲಸ ಶುರುವಾಗುವುದು ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಏರ್ 27 ಶ್ರೇಣಿಯ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಕಡತಗಳಿಂದ. ಫಾರ್ಮ್ 540ರಲ್ಲಿ ದಿನದ ಸಾರಾಂಶವಿರುತ್ತದೆ. 541ರಲ್ಲಿ ಯಾವ ವಿಮಾನ, ಯಾರು, ಎಷ್ಟು ಗಂಟೆಗೆ ಏರಿದರು, ಎಷ್ಟಕ್ಕೆ ಇಳಿದರು ಎಂಬ ವಿವರ. ನನ್ನ ಕೇಳಿದರೆ 541 ಮೊದಲು ಓದಿ. 540ರಲ್ಲಿ ಬರೆದವನ ಉತ್ಸಾಹವೂ ಬೆರೆತಿರುತ್ತದೆ. ನಂತರ ಜರ್ಮನ್ ವಾಯುಪಡೆಯ ಕ್ವಾರ್ಟರ್‌ಮಾಸ್ಟರ್ ಜನರಲ್‌ನ, ಅಂದರೆ ಸರಬರಾಜು ಮುಖ್ಯಸ್ಥನ, ನಷ್ಟದ ಪಟ್ಟಿ. ಅದರಲ್ಲಿ ಹಾನಿಯನ್ನು ಶೇಕಡಾವಾರು ಬರೆದಿದ್ದಾರೆ: 100 ಎಂದರೆ ಪೂರ್ತಿ ನಾಶ, 60 ದಾಟಿದರೆ ಗುಜರಿ. ಬದಲಿ ವಿಮಾನ ತರಿಸಲು ಮಾಡಿದ ಪಟ್ಟಿ ಅದು. ಅಲ್ಲಿ ನಷ್ಟ ಮುಚ್ಚಿಟ್ಟರೆ ಹೊಸ ವಿಮಾನ ಬರುವುದಿಲ್ಲ. ಹಾಗಾಗಿಯೇ ಅದನ್ನು ನಂಬಬಹುದು.

ಎರಡನ್ನೂ ಪಕ್ಕಪಕ್ಕ ಇಡುವಾಗ ಗಡಿಯಾರ ಮರೆಯಬೇಡಿ. ಆ ಸೆಪ್ಟೆಂಬರಿನಲ್ಲಿ ಜರ್ಮನ್ ಸಮಯ ಬ್ರಿಟಿಷ್ ಸಮಯಕ್ಕಿಂತ ಒಂದು ಗಂಟೆ ಮುಂದಿತ್ತು. ಇದನ್ನು ಬಿಟ್ಟರೆ ಮಧ್ಯಾಹ್ನದ ಎರಡು ಬೇರೆ ಕಾಳಗಗಳು ಒಂದಾಗಿಬಿಡುತ್ತವೆ.

ಬ್ರಿಟಿಷ್ ಬಾಂಬರ್‌ಗಳ ಕಥೆ ಇನ್ನೂ ಕಹಿ. 1941ರ ಆಗಸ್ಟಿನಲ್ಲಿ ಬಟ್ ಎಂಬ ಸರ್ಕಾರಿ ಅಧಿಕಾರಿ ರಾತ್ರಿ ದಾಳಿಯ 600ಕ್ಕೂ ಹೆಚ್ಚು ಫೋಟೊ ಪರಿಶೀಲಿಸಿದರು. ಗುರಿಗೆ ಬಾಂಬ್ ಹಾಕಿದೆವು ಎಂದವರಲ್ಲಿ ಐದು ಮೈಲಿ ಒಳಗೆ ತಲುಪಿದ್ದವರು ಮೂರರಲ್ಲಿ ಒಬ್ಬರು. ಹೊಗೆ ಮುಸುಕಿದ ರೂರ್ ಎಂಬ ಜರ್ಮನ್ ಕೈಗಾರಿಕಾ ಪ್ರದೇಶದಲ್ಲಿ ಹತ್ತರಲ್ಲಿ ಒಬ್ಬರು. ಐದು ಮೈಲಿ ಎಂದರೆ ಗುರಿಯ ಸುತ್ತ ಸುಮಾರು 78 ಚದರ ಮೈಲಿ, ಅಷ್ಟರಲ್ಲಿ ಎಲ್ಲಿ ಬಿದ್ದರೂ ಲೆಕ್ಕಕ್ಕೆ ಸೇರಿತ್ತು!

ಕತ್ತಲಲ್ಲಿ ಕಾರ್ಖಾನೆ ಸಿಗುವುದಿಲ್ಲ, ಆದರೆ ಊರು ಸಿಗುತ್ತದೆ. 1942ರ ಫೆಬ್ರವರಿಯಲ್ಲಿ ಬ್ರಿಟಿಷ್ ಬಾಂಬರ್ ಪಡೆಗೆ ಬಂದ ಆದೇಶ ಜರ್ಮನ್ ನಾಗರಿಕರ, ಅದರಲ್ಲೂ ಕಾರ್ಮಿಕರ ಮನೋಬಲವನ್ನೇ ಗುರಿ ಮಾಡಿತು. ಅಲ್ಲಿಂದ ಮುಂದೆ ವಾಯುಪಡೆಯ ಕಡತವೊಂದೇ ಸಾಲದು. ಅಗ್ನಿಶಾಮಕ ದಳದ, ನಗರಸಭೆಯ, ಸ್ಮಶಾನದ ದಾಖಲೆಗಳನ್ನು ಹುಡುಕಬೇಕು. ಅವೆಲ್ಲ ಜರ್ಮನ್ ಭಾಷೆಯಲ್ಲಿವೆ, ಎಷ್ಟೋ ಹಾಳೆಗಳು ಕೈಬರಹದಲ್ಲಿವೆ. ಈ ವಿಷಯದಲ್ಲೇ ಸಂಶೋಧನೆ ಮಾಡುವುದಾದರೆ ಪಿಎಚ್‌ಡಿಯ ಮೊದಲ ವರ್ಷವನ್ನು ಭಾಷೆಗೇ ಮೀಸಲಿಡಿ.