ನೋವಿಲ್ಲದಾಗಲೇ ಬಾಯಿ ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ಹಾವೇರಿ, ಗದಗ ಕಡೆ ಎಷ್ಟೋ ಮಂದಿ ಊಟ ಮುಗಿಸಿ, ಕಟ್ಟೆಗೆ ಕೂತು, ಎಲೆ-ಅಡಿಕೆ ಚೀಲ ಬಿಚ್ಚಿರುತ್ತೀರಿ. ಒಂದು ಹತ್ತು ನಿಮಿಷ ಅದನ್ನು ಪಕ್ಕಕ್ಕಿಡಿ. ನಾನು ಹುಬ್ಬಳ್ಳಿಯಲ್ಲಿ ಬಾಯಿ ಮತ್ತು ಗಂಟಲ ಕ್ಯಾನ್ಸರಿಗೆ ಆಪರೇಶನ್ ಮಾಡುವ ವೈದ್ಯ. ಕ್ಯಾನ್ಸರ್ ತಪಾಸಣೆಯ ಬಗ್ಗೆ, ಅದರಲ್ಲೂ ನಮ್ಮ ಮಾಜಿ ಸೈನಿಕರಿಗಾಗಿ ನಾಲ್ಕು ಮಾತು ಹೇಳಿ ಎಂದು ಕರೆದಿದ್ದಾರೆ. ನಾಲ್ಕು ಬೇಡ, ನನ್ನದು ಒಂದೇ ಮಾತು. ನೋವಿಲ್ಲದಾಗ ತೋರಿಸಿ.

ಹಲ್ಲು ಹುಳುಕಾದರೆ ರಾತ್ರಿಯಿಡೀ ನಿದ್ದೆ ಕೊಡುವುದಿಲ್ಲ. ಬೆಳಗಾಗುತ್ತಲೇ ಡಾಕ್ಟರ ಹತ್ತಿರ ಓಡುತ್ತೀರಿ. ಕ್ಯಾನ್ಸರ್ ಹಾಗಲ್ಲ. ಶುರುವಿನಲ್ಲಿ ಅದು ಹೆಚ್ಚಾಗಿ ನೋಯುವುದಿಲ್ಲ. ನೋಯತೊಡಗುವ ಹೊತ್ತಿಗೆ ಬಹಳ ಸಲ ಬೇರು ಇಳಿದಿರುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಬ್ಯಾಡಗಿ ಕಡೆಯ ಒಬ್ಬ ಹವಾಲ್ದಾರರು ನನ್ನಲ್ಲಿಗೆ ಬಂದರು. ತಮಗಾಗಿ ಅಲ್ಲ, ಹೆಂಡತಿಯ ಕೊರಳಲ್ಲಿ ಒಂದು ಗಂಟು ಇತ್ತು, ಅದನ್ನು ತೋರಿಸಲಿಕ್ಕೆ. ಅದು ಸಾದಾ ಗಂಟು, ಹೆದರುವಂಥದ್ದೇನೂ ಅಲ್ಲ. ಚೀಟಿ ಬರೆದುಕೊಟ್ಟೆ. ಬಾಗಿಲವರೆಗೆ ಹೋದ ಆ ತಾಯಿ ತಿರುಗಿ ನಿಂತರು. "ಇವರನ್ನೂ ಒಂದಿಷ್ಟು ನೋಡ್ರೀ ಸರ. ಒಂದ ವರ್ಷಾತು, ಖಾರ ಮುಟ್ಟವಲ್ರು. ರೊಟ್ಟಿ ಹಾಲಾಗ ಮುರದು ಹಾಕ್ಕೊಂಡು ತಿಂತಾರ" ಎಂದರು.

ಬ್ಯಾಡಗಿಯ ಮನುಷ್ಯ ಖಾರ ಬಿಟ್ಟರೆ ಸುಮ್ನೆ ಬಿಟ್ಟಿರುವುದಿಲ್ಲ. ಕೂಡಿರಿ ಎಂದೆ. ಅವರಿಗೆ ಇಷ್ಟವಿರಲಿಲ್ಲ. "ವಯಸ್ಸಾತ್ರೀ, ಮತ್ತೇನಿಲ್ಲ. ನಾ ಶೇಪ್ ಒನ್" ಎಂದರು. ಶೇಪ್ ಒನ್ ಅಂದರೆ ಸೈನ್ಯದ ಲೆಕ್ಕದಲ್ಲಿ ಪೂರ್ತಿ ಫಿಟ್. ಆದರೆ ಅವರು ಪಿಂಚಣಿಗೆ ಬಂದು 22 ವರ್ಷ ಆಗಿತ್ತು!

ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಿ ಎಂದೆ. ನೀವೂ ಈಗಲೇ ಇಟ್ಟು ನೋಡಿ. ಆರೋಗ್ಯವಂತರ ಬಾಯಲ್ಲಿ ಮೂರು ಬೆರಳು ಸಲೀಸಾಗಿ ಹಿಡಿಯುತ್ತವೆ. ಅವರಿಗೆ ಎರಡೇ ಹಿಡಿದವು. ಟಾರ್ಚ್ ಹಾಕಿದೆ. ಒಳಗೆ ಕೆನ್ನೆಯ ತೊಗಲು ಬಿಳಿಚಿಕೊಂಡು ಚರ್ಮದ ಪಟ್ಟಿಯ ಹಾಗೆ ಬಿಗಿದಿತ್ತು. ಅಡಿಕೆ, ಗುಟ್ಕಾ ಮಾಡುವ ಕೆಲಸ ಇದು. ಖಾರ ತಿಂದರೆ ಉರಿಯುವುದೂ ಇದಕ್ಕೇ. ಎಡಗಡೆ ಕೆಳ ದವಡೆಯ ಪಕ್ಕ, ಗಡಿಯಲ್ಲಿ ರಾತ್ರಿ ಪಹರೆ ಕಾಯುವಾಗಿನಿಂದ ತಂಬಾಕು ಇಟ್ಟುಕೊಂಡು ಬಂದ ಜಾಗದಲ್ಲಿ, ಪುಟಾಣಿ ಕಾಳಿನಷ್ಟು ಒಂದು ಕೆಂಪು ಕಲೆ. ಬೆರಳಿಂದ ಒತ್ತಿದೆ. ಬುಡ ಗಟ್ಟಿ ಇತ್ತು.

"ನೋವು?" ಎಂದೆ. "ಇಲ್ರೀ" ಎಂದರು.

ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕ್ಯಾನ್ಸರೇ. ಆದರೆ ಮೊದಲ ಹಂತ. ಆಪರೇಶನ್ ಆಯಿತು. ದವಡೆ ಉಳಿಯಿತು, ಮಾತು ಉಳಿಯಿತು. ಈಗ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾರೆ. ಅದೇ ವಾರ ಅವರದೇ ವಯಸ್ಸಿನ ಇನ್ನೊಬ್ಬರು ಬಂದಿದ್ದರು. ಕೆನ್ನೆ ತೂತಾಗಿ, ಕುಡಿದ ನೀರು ಹೊರಗೆ ಸೋರುತ್ತಿತ್ತು. ನೋವು ಬರಲಿ, ಆಮೇಲೆ ನೋಡೋಣ ಎಂದು ಕಾಯ್ದವರು ಅವರು.

ಬ್ಯಾಂಡೇಜ್ ಬಿಚ್ಚುವ ದಿನ ಹವಾಲ್ದಾರರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಫೌಜಿನ್ಯಾಗ ವರ್ಷಾ ಮೆಡಿಕಲ್ ಇರ್ತಿತ್ರೀ. ನಡೀ ಅಂದ್ರ ನಡೀತಿದ್ವಿ. ಊರಿಗೆ ಬಂದ ಮ್ಯಾಲ ಯಾರೂ ನಡೀ ಅನ್ನಲಿಲ್ಲ."

ತಪಾಸಣೆಯನ್ನು ಸುಧಾರಿಸುವುದು ಹೇಗೆ ಎಂದು ಸಂಶೋಧನೆ ಮಾಡುವವರು ಹುಡುಕುತ್ತಿರುವುದೂ ಇದನ್ನೇ. ನಡೀ ಅನ್ನುವವರು ಯಾರು? ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿಯೇ ಸರಕಾರಿ ಆಸ್ಪತ್ರೆಗಳಿವೆ. ಬೀಡಿ-ಸಿಗರೇಟು ಜಾಸ್ತಿ ಸೇದಿದವರಿಗೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಮಾಡಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಆಗುವ ಸಾವು ನೂರಕ್ಕೆ 20ರಷ್ಟು ಇಳಿಯುತ್ತದೆ ಎಂದು 2011ರಲ್ಲೇ ಅಲ್ಲಿ ಗೊತ್ತಾಗಿತ್ತು. ಆಮೇಲೆ ಮಾಜಿ ಸೈನಿಕರ 8 ಆಸ್ಪತ್ರೆಗಳಲ್ಲಿ ಅದನ್ನು ಶುರು ಮಾಡಿದರು. ಸ್ಕ್ಯಾನ್ ಬೇಕಾದವರು 4,246 ಜನ ಸಿಕ್ಕರು. ಮಾಡಿಸಿಕೊಂಡವರು 2,106. ಅರ್ಧದಷ್ಟೂ ಇಲ್ಲ! ಯಂತ್ರ ಇದೆ, ಡಾಕ್ಟರು ಇದ್ದಾರೆ, ಜನ ಬರಲಿಲ್ಲ. ಹಾಗಾಗಿ ಈಗ ಸಂಶೋಧನೆಯೇ ಜನರ ಕಡೆ ತಿರುಗಿದೆ. ಕರುಳಿನ ಕ್ಯಾನ್ಸರಿಗೆ ಮಲ ಪರೀಕ್ಷೆಯ ಕಿಟ್ಟನ್ನು ಅಂಚೆಯಲ್ಲಿ ಮನೆಗೇ ಕಳಿಸಿದರೆ ಹೆಚ್ಚು ಜನ ಮಾಡಿಸಿಕೊಳ್ಳುತ್ತಾರೆ ಎಂದು ಕಂಡುಕೊಂಡಿದ್ದಾರೆ. ಮನೆ ಬಾಗಿಲಿಗೆ ಬಂದು ನಡೀ ಅಂದ ಹಾಗೆ ಅಲ್ವಾ ಅದು?

ನಮಗೆ ಅಷ್ಟು ದೂರದ ಮಾತೂ ಬೇಡ. ಪಕ್ಕದ ಕೇರಳಕ್ಕೆ ಬನ್ನಿ. 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ ಒಂದು ಅಧ್ಯಯನ ಶುರುವಾಯಿತು. ಅರ್ಧದಷ್ಟು ಪಂಚಾಯಿತಿಗಳಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ನೋಡಿದರು. ಅವರು ಡಾಕ್ಟರಲ್ಲ, ಪದವಿ ಓದಿದ ಹುಡುಗ-ಹುಡುಗಿಯರು. ಫಲಿತಾಂಶ 2005ರಲ್ಲಿ ಬಂತು. ತಂಬಾಕು, ಸೆರೆ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿದಿತ್ತು. ಬರೀ ನೋಡಿದ್ದಕ್ಕೆ! "ಡಾಕ್ಟರೇ, ದೊಡ್ಡ ಮಷಿನ್ ಎಲ್ಲಿದೆ ಹೇಳಿ, ಅಲ್ಲಿಗೇ ಹೋಗ್ತೇವೆ" ಎಂದು ನನ್ನನ್ನು ಕೇಳುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಬಾಯಿ ನೋಡಲು ಮಷಿನ್ ಬೇಡ. ಬಾಯಿ ತೆರೆಯಬೇಕು, ಅಷ್ಟೇ.

ಸಮಯ ಮುಗಿಯುತ್ತಿದೆ ಎಂದು ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ತಾಯಂದಿರಿಗೆ ಹೇಳಬೇಕಾದದ್ದು ಬೇಗ ಹೇಳಿಬಿಡುತ್ತೇನೆ. ಸರಕಾರದ ಯೋಜನೆಯಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳು, ಈ ಮೂರರ ತಪಾಸಣೆ ಇದೆ. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕೇಳಿ, ಆಶಾ ಕಾರ್ಯಕರ್ತೆಯರನ್ನು ಕೇಳಿ. ಗರ್ಭಕೊರಳಿನ ಕ್ಯಾನ್ಸರ್ ತರುವ ವೈರಸ್ಸಿಗೆ ಎಚ್‌ಪಿವಿ ಎನ್ನುತ್ತಾರೆ. ಮಹಾರಾಷ್ಟ್ರದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ಅದರ ಪರೀಕ್ಷೆ ಮಾಡಿದ್ದಕ್ಕೆ ಗರ್ಭಕೊರಳಿನ ಕ್ಯಾನ್ಸರಿನ ಸಾವು ಅರ್ಧಕ್ಕೆ ಇಳಿಯಿತು. ಅವರೂ ನಿಮ್ಮ ಹಾಗೇ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು. ನಾಚಿಕೆ ಬೇಡ. ನೋವಿಲ್ಲದಾಗ ತೋರಿಸಿ.

ಮಾಜಿ ಸೈನಿಕರೇ, ನಿಮ್ಮಲ್ಲಿ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್ ಇದ್ದರೆ ಅದು ಹೆಂಡತಿಗೂ ನಡೆಯುತ್ತದೆ. ಜ್ವರ ಬಂದಾಗಷ್ಟೇ ಅದನ್ನು ಹೊರಗೆ ತೆಗೆಯಬೇಡಿ. ಇಬ್ಬರೂ ಒಟ್ಟಿಗೆ ಹೋಗಿ.

ಇವತ್ತು ರಾತ್ರಿ ಮಲಗುವ ಮುನ್ನ ಕನ್ನಡಿ ಮುಂದೆ ನಿಲ್ಲಿ. ಬಾಯಿ ಮುಕ್ಕಳಿಸಿ. ಎರಡೂ ಕೆನ್ನೆ ಎಳೆದು ನೋಡಿ, ನಾಲಿಗೆ ಎತ್ತಿ ಕೆಳಗೆ ನೋಡಿ. ಬಿಳಿ ಕಲೆ, ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಮೂರು ಬೆರಳು ಹಿಡಿಯದ ಬಾಯಿ, ಇಷ್ಟರಲ್ಲಿ ಯಾವುದಿದ್ದರೂ ನಾಳೆಯೇ ಹತ್ತಿರದ ಆಸ್ಪತ್ರೆಗೆ ಹೋಗಿ. ಕಣ್ಣು ಮಂಜಾಗಿದ್ದರೆ ಮಗಳಿಗೋ ಸೊಸೆಗೋ ಹೇಳಿ, ನೋಡುತ್ತಾರೆ. ಟಾರ್ಚ್ ಇಲ್ಲದಿದ್ದರೆ ಮೊಬೈಲ್ ಲೈಟ್ ಸಾಕು. ನಮಸ್ಕಾರ.